ದಿನಕ್ಕೊಂದು ಫೋನು

ಮೂಗಿನೊಳಗೆ ಕಡ್ಡಿ ಹೋಗುತ್ತಲೇ ಬೇಕರಿಯವನ ಕಣ್ಣಲ್ಲಿ ನೀರು ಬಂತು.

"ಇಷ್ಟಕ್ಕೇ ಅತ್ತರೆ ಹೇಗೆ?" ಅಂದಳು ನರ್ಸ್. ಮಾಸ್ಕಿನ ಮೇಲೆ ಎರಡು ಕಣ್ಣು ಬಿಟ್ಟರೆ ಅವಳದೇನೂ ಕಾಣುತ್ತಿರಲಿಲ್ಲ. ಆ ಕಣ್ಣುಗಳು ನಗುತ್ತಿದ್ದವು.

"ಅಳ್ತಿಲ್ಲ ಸಿಸ್ಟರ್. ನೀವು ಮೆದುಳು ಮುಟ್ಟಿ ಬಂದ್ರಿ."

ಮರುದಿನ ಅವಳೇ ಫೋನ್ ಮಾಡಿದಳು. ಕೊರೊನಾ ಪಾಸಿಟಿವ್. ಮನೆಯಲ್ಲೇ ಬೇರೆ ಕೋಣೆಯಲ್ಲಿರುವ ರೋಗಿಗಳನ್ನು ದಿನಾ ವಿಚಾರಿಸುವುದೂ ಅವಳ ಕೆಲಸ. ಜ್ವರ ಎಷ್ಟು, ಆಕ್ಸಿಜನ್ ಎಷ್ಟು, ಊಟ ಆಯ್ತಾ. ಬೇರೆಯವರ ಜೊತೆ ಮಾತು ಅಲ್ಲಿಗೆ ಮುಗಿಯುತ್ತಿತ್ತು. ಇವನ ಜೊತೆ ಮುಗಿಯುತ್ತಿರಲಿಲ್ಲ. ಅವನ ತಾಯಿ ಬಾಗಿಲಲ್ಲಿ ತಟ್ಟೆ ಇಟ್ಟು ಬೈದು ಹೋಗುವುದು, ಮುಚ್ಚಿದ ಅಂಗಡಿ, ವಾಸನೆ ಹಿಡಿಯದ ಮೂಗು, ಎಲ್ಲ ಅವಳಿಗೆ ಗೊತ್ತಾಯಿತು. ಅವಳು ಹಾಸ್ಟೆಲ್ಲಿನಲ್ಲಿ ಒಬ್ಬಳೇ ಉಣ್ಣುವುದು ಅವನಿಗೆ ಗೊತ್ತಾಯಿತು.

"ಸಿಸ್ಟರ್, ನಾಳೆನೂ ನೀವೇ ಮಾಡ್ತೀರಾ?"

"ಮೊದಲು ಆ ಸಿಸ್ಟರ್ ಬಿಡಿ. ನನಗೆ ಅಣ್ಣಂದಿರು ಬೇಕಾದಷ್ಟಿದ್ದಾರೆ."

ಇಬ್ಬರೂ ಫೋನ್ ಇಡಲಿಲ್ಲ.

ಒಂದು ಮಧ್ಯಾಹ್ನ ಅವನ ಮಾತು ತುಂಡಾಗುತ್ತಿತ್ತು. ಆರಾಮಾಗಿದೀನಿ ಅನ್ನಲಿಕ್ಕೇ ನಡುವೆ ಉಸಿರು ಎಳೆದುಕೊಂಡ. ಆಕ್ಸಿಜನ್ ಎಷ್ಟಿದೆ ಅಂತ ಕೇಳಿದರೆ ಮಾತು ಹಾರಿಸಿದ.

"ಸುಳ್ಳು ಹೇಳ್ತಿದೀರಿ."

"ಅಮ್ಮ ಹೆದರ್ತಾರೆ."

"ನಾನು ಹೆದರಲ್ವಾ?" ಅಂದವಳೇ ಆಂಬುಲೆನ್ಸ್ ಕಳಿಸಿದಳು.

ವಾರ್ಡಿನಲ್ಲಿ ಅವನನ್ನು ಬೋರಲು ಮಲಗಿಸಿ ಆಕ್ಸಿಜನ್ ಕೊಟ್ಟರು. ಅವಳ ಡ್ಯೂಟಿ ಬೇರೆ ಕಡೆ. ಆದರೂ ಹೋಗುತ್ತಾ ಬರುತ್ತಾ ಗಾಜಿನಾಚೆ ನಿಂತು, ಅವನ ಬೆನ್ನು ಏರಿಳಿಯುವುದನ್ನು ನೋಡಿ ಹೋಗುತ್ತಿದ್ದಳು. ಪಕ್ಕದ ಹಾಸಿಗೆಯವರು ತೀರಿಕೊಂಡ ದಿನ ಅವಳಿಗೆ ಊಟ ಸೇರಲಿಲ್ಲ. ಇವನು ಉಳಿದ.

ಅಂಗಡಿ ಮತ್ತೆ ತೆರೆದ ಮೇಲೆ ಒಂದು ಸಂಜೆ ಅವಳು ಬಂದಳು, ಮಾಸ್ಕ್ ಇಲ್ಲದೆ. ಅವನು ಗುರುತು ಹಿಡಿಯದೆ "ಏನ್ ಕೊಡ್ಲಿ?" ಅಂದ. ಅವಳು ನಕ್ಕಳು. ಆಗ ಗೊತ್ತಾಯಿತು. ಹಿಟ್ಟಿನ ಕೈಯಲ್ಲೇ ತಲೆ ಸವರಿಕೊಂಡ, ಕೂದಲೆಲ್ಲ ಬೆಳ್ಳಗಾಯಿತು.

"ಒಳಗೆ ಏನೋ ಸೀದು ಹೋಗ್ತಿದೆ," ಅಂದಳು.

ಅವನ ಮುಖ ಬಾಡಿತು. "ಮೊದಲೆಲ್ಲ ಬ್ರೆಡ್ ಬೆಂದಿದ್ದು ವಾಸನೇಲೇ ಗೊತ್ತಾಗ್ತಿತ್ತು. ಈಗ ಏನೂ ಇಲ್ಲ. ವಾಪಸ್ ಬರುತ್ತೋ ಇಲ್ವೋ. ನನ್ನ ಮದ್ವೆ ಆಗ್ತೀರಾ ಅಂತ ನಿಮ್ಮನ್ನ ಕೇಳ್ಬೇಕೂಂತ ಆಸ್ಪತ್ರೆಯಲ್ಲೇ ಅಂದ್ಕೊಂಡಿದ್ದೆ. ಆದ್ರೆ ಮೂಗಿಲ್ಲದ ಬೇಕರಿಯವನನ್ನ ಯಾರು ಕಟ್ಕೋತಾರೆ?"

"ನನ್ನ ಮೂಗು ನೆಟ್ಟಗಿದೆ. ಇಬ್ಬರಿಗೂ ಸಾಕು."

ಅವನು ಕೈಯ ಹಿಟ್ಟನ್ನು ಅಂಗಿಗೆ ಒರೆಸಿಕೊಂಡು, "ಅಮ್ಮನ ಹತ್ರ ಹೇಗೆ ಹೇಳೋದು?" ಅಂದ.

"ನಾನು ಹೇಳ್ತೀನಿ. ನೀನು ಮೊದಲು ಆ ಬ್ರೆಡ್ ತೆಗಿ."