ಕೋಟೆ ಬಾಗಿಲ ಜೋಡಿ ಫೋಟೋ

"ಸ್ವಲ್ಪ ಹತ್ತಿರ ನಿಂದರ್ರಿ" ಎನ್ನಬೇಕಿದ್ದವಳು ಕ್ಯಾಮೆರಾ ಹಿಡಿದಿದ್ದ ಜಯಮಾಲಾ. ಆ ಮಾತು ಅವಳ ಬಾಯಿಂದ ಹೊರಡಲೇ ಇಲ್ಲ.

ಹೇಳುವ ಅಗತ್ಯವೂ ಬರಲಿಲ್ಲ ಬಿಡಿ! ಬಸವಕಲ್ಯಾಣದ ಕೋಟೆ ಬಾಗಿಲಲ್ಲಿ ವಿದ್ಯಾವತಿ ತಾನಾಗಿಯೇ ಬಸವಕಿರಣನ ಭುಜಕ್ಕೆ ಭುಜ ತಾಗಿಸಿ ನಿಂತಿದ್ದಳು. ಆಗಷ್ಟೇ ಮೊದಲ ಸಲ ಕಂಡ ಹುಡುಗಿ... ಜಯಮಾಲಾಳ ಹೊಟ್ಟೆಯೊಳಗೆ ಬೆಂಕಿ ಹಚ್ಚಿಬಿಟ್ಟಳು!

೨೦೦೫ರ ಮಾತು. ಬಸವಕಿರಣ ಹುಮನಾಬಾದಿನ ಮದುವೆ ಫೋಟೋಗ್ರಾಫರ್. ಜಯಮಾಲಾ ಬಸವಕಲ್ಯಾಣದ ಒಂದು ಸ್ಟುಡಿಯೋದಲ್ಲಿ ಕೆಲಸಕ್ಕಿದ್ದವಳು. ವಾರಕ್ಕೊಮ್ಮೆ ಅವನು ಫಿಲ್ಮ್ ರೋಲು ತೊಳೆಸಲು ಅಲ್ಲಿಗೆ ಬರುತ್ತಿದ್ದ. ಆ ದಿನ ಮಾತ್ರ ಅವಳು ಮಲ್ಲಿಗೆ ಮುಡಿಯುತ್ತಿದ್ದಳು. ಮನಸ್ಸಿನ ಮಾತನ್ನು ಇಬ್ಬರೂ ಆಡಿರಲಿಲ್ಲ.

ಇವತ್ತು ಬಂದವನ ಕೈಯಲ್ಲಿ ಹೊಸ ಡಿಜಿಟಲ್ ಕ್ಯಾಮೆರಾ, ಪಕ್ಕದಲ್ಲಿ ಈ ವಿದ್ಯಾವತಿ!

"ಸೋದರತ್ತಿ ಮಗಳು, ಮನ್ನಾಏಖೇಳ್ಳಿಯಾಕಿ. ಅತ್ತಿ ಜೋಡಿ ಫೋಟೋ ಕೇಳ್ಯಾರ. ಜೋಡಿ ಛಲೋ ಕಂಡ್ರ ಮಾತು ಪಕ್ಕಾ ಮಾಡ್ತಾರಂತ," ಎಂದಿದ್ದ ಅವನು, ಅವಳ ಮುಖವನ್ನೇ ನೋಡುತ್ತ. "ನೀವ ತೆಗದು ಕೊಡ್ರಿ."

ಹೊಟ್ಟೆ ಉರಿಸುವುದಕ್ಕೂ ಒಂದು ಮಿತಿ ಬೇಡವೇ?

ಜಯಮಾಲಾ ಗುಂಡಿ ಒತ್ತಿದಳು. ಟಕ್ ಎನ್ನಲಿಲ್ಲ. ಪರದೆಯ ಮೂಲೆಯಲ್ಲಿ ಕೆಂಪು ಚುಕ್ಕೆ ಹತ್ತಿ, ಅಂಕಿಗಳು ಓಡತೊಡಗಿದವು. ರೋಲ್ ಕ್ಯಾಮೆರಾಕ್ಕೆ ಪಳಗಿದ ಕೈ. ಫ್ಲಾಶ್ ತಯಾರಾಗುತ್ತಿರಬೇಕು ಎಂದುಕೊಂಡಳು. ದಾರಿಯಲ್ಲಿ ಕೋಟೆಯ ವಿಡಿಯೋ ತೆಗೆದ ಬಸವಕಿರಣ ಕ್ಯಾಮೆರಾವನ್ನು ಮತ್ತೆ ಫೋಟೋಕ್ಕೆ ತಿರುಗಿಸಿರಲಿಲ್ಲ ಎಂದು ಅವಳಿಗೇನು ಗೊತ್ತು?

ಕಾಯುತ್ತ, ಬಗಲಲ್ಲಿದ್ದ ಗೆಳತಿ ಸಾಜಿದಾಳಿಗೆ ಪಿಸುಗುಟ್ಟಿದಳು.

"ನೋಡಲೇ, ಹ್ಯಾಂಗ ಅಂಟಕೊಂಡು ನಿಂತಾಳ!"

"ನಿನಗ್ಯಾಕ ಸಂಕಟ?"

"ಯಾಕಂದ್ರ? ಆ ಜಾಗಾ ನಂದು ಸಾಜಿದಾ! ಎಷ್ಟು ದಿನದಿಂದ ಅವರ ಬಸ್ಸಿನ ದಾರಿ ಕಾಯಾಕತ್ತೇನಿ... ಈಕಿ ಬಂದು ನಿಂತುಬಿಟ್ಲು."

ಫ್ಲಾಶ್ ಹೊಳೆಯಲಿಲ್ಲ. ಮತ್ತೊಮ್ಮೆ ಗುಂಡಿ ಒತ್ತಿದಳು. ಕೆಂಪು ಚುಕ್ಕೆ ಆರಿತು.

"ಬಂತ್ರಿ," ಎಂದು ಕ್ಯಾಮೆರಾ ಕೊಟ್ಟು ಮುಖ ತಿರುಗಿಸಿದಳು. ಆ ಫೋಟೋ ಮನ್ನಾಏಖೇಳ್ಳಿ ತಲುಪಿದರೆ ಮುಗಿಯಿತು... ಅವನು ಇನ್ನೊಬ್ಬಳ ಗಂಡ!

ಹೇಗೆ ಬಂದಿದೆ ನೋಡೋಣವೆಂದು ಬಸವಕಿರಣ ಅದನ್ನು ಪರದೆಯ ಮೇಲೆ ಹಾಕಿದ. ಕ್ಯಾಮೆರಾದಿಂದ ದನಿ ಬಂತು.

"...ಆ ಜಾಗಾ ನಂದು ಸಾಜಿದಾ!..."

ಅಯ್ಯೋ ಶಿವನೇ! ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು ಜಯಮಾಲಾಳಿಗೆ.

ವಿದ್ಯಾವತಿಯ ನಗು ಮಾಯವಾಯಿತು. ಬಸವಕಿರಣನ ಅರಳಿದ ಮುಖ ನೋಡಿದ ಮೇಲೆ ಅವಳಿಗೆ ಎಲ್ಲವೂ ತಿಳಿಯಿತು.

"ಹಿಂಗಿದ್ರ ಮೊದಲ ಹೇಳಬೇಕಿತ್ತು ಮಾಮಾ. ನನ್ನ ಯಾಕ ಕರಕೊಂಡು ಬಂದಿ? ಅವ್ವಗ ನಾನ ಹೇಳ್ತೀನಿ." ವಿದ್ಯಾವತಿ ಅವನಿಂದ ದೂರ ಸರಿದಳು. ಸಾಜಿದಾ ಅವಳ ಕೈ ಹಿಡಿದು ಕೋಟೆಯೊಳಗೆ ಕರೆದೊಯ್ದಳು.

"ಅಳಸ್ರಿ ಅದನ್ನ..." ಜಯಮಾಲಾಳ ಕಣ್ಣು ತುಂಬಿತ್ತು.

"ಅಳಸಂಗಿಲ್ಲ."

"ನಗಾಕತ್ತೀರೇನು?"

"ಇಲ್ಲ ಜಯಮಾಲಾ, ತಪ್ಪು ನಂದು. ಜೋಡಿ ಫೋಟೋ ಅಂದ್ರ ನೀ ಸಿಟ್ಟಿಗೇಳ್ತಿ, ಬ್ಯಾಡ ಅಂತಿ ಅಂತ ಕಾಯಾಕತ್ತಿದ್ದೆ. ನೀ ನೋಡಿದ್ರ ಸುಮ್ಮನ ಕ್ಯಾಮೆರಾ ಇಸಕೊಂಡಿ!"

"ಒಂದ ಮಾತು ಕೇಳಬಾರದಾಗಿತ್ತೇನ್ರಿ?"

"ಈಗ ಕೇಳಾಕತ್ತೇನಿ. ಹುಮನಾಬಾದಿಗೆ, ನಮ್ಮ ಮನೀಗೆ ಬರ್ತಿಯೇನು?"

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ತುಟಿಯಲ್ಲಿ ನಗು, ಮೂಗಿನ ತುದಿಯಲ್ಲಿ ಇನ್ನೂ ಸಿಟ್ಟು.

"ನಮ್ಮ ಅಪ್ಪನ್ನ ಬಂದು ಕೇಳ್ರಿ... ಒಬ್ಬರ ಬರ್ರಿ ಮತ್ತ! ಆಕಿನ್ನ ಕರಕೊಂಡು ಬಂದ್ರ, ನಾ ಬಾಗಲಾ ತೆಗಿಯಂಗಿಲ್ಲ."