ಪರ್ವತಯ್ಯನವರ ಅಳತೆಯ ಕೋಟು

ತುಮಕೂರಿಗೆ ಇಂಟರ್‌ವ್ಯೂಗೆ ಹೋಗಿದ್ದ ಪರ್ವತಯ್ಯ ಹಿಂತಿರುಗಿ ಬಂದು ನಮ್ಮ ಜಗಲಿಯ ಮೇಲೆ ಗಂಟು ಬಿಚ್ಚಿದರು. ಒಳಗೆ ಅಪ್ಪನ ಕರಿ ಕೋಟು ಎರಡು ಹೋಳಾಗಿತ್ತು.

ಮಧುಗಿರಿಯಲ್ಲಿ ಆ ಕೋಟನ್ನು ತಿಳಿಯದವರಿರಲಿಲ್ಲ. ನಿವೃತ್ತ ಶಿರಸ್ತೇದಾರರಾದ ಅಪ್ಪ ರಜೆಯಲ್ಲಿ ಬಡ ಕಾಲೇಜು ಹುಡುಗರನ್ನು ಕೂರಿಸಿಕೊಂಡು ಇಂಟರ್‌ವ್ಯೂಗೆ ತಯಾರು ಮಾಡುತ್ತಿದ್ದರು. ಮಹಾರಾಜರ ಸರ್ಕಾರದಲ್ಲಿ ಕೋಟಿಲ್ಲದೆ ಅಧಿಕಾರಿಗಳ ಮುಂದೆ ನಿಲ್ಲುವಂತಿರಲಿಲ್ಲ. ಎಲ್ಲರಿಗೂ ಇದ್ದದ್ದು ಅದೊಂದೇ. ತೆಳ್ಳಗಿನವರಿಗೆ ನಾನು ಹೆಚ್ಚಿನ ಬಟ್ಟೆಯನ್ನು ಒಳಕ್ಕೆ ಮಡಿಸಿ ಹೊಲಿಯುತ್ತಿದ್ದೆ. ದಪ್ಪಗಿನವರು ಬಂದರೆ ನೂಲು ಎಳೆದರಾಯಿತು, ಕೋಟು ಮತ್ತೆ ಅಗಲವಾಗುತ್ತಿತ್ತು.

ಮೊನ್ನೆ ಅಪ್ಪ ಪರ್ವತಯ್ಯನವರ ಎದೆಯಳತೆ ಹಿಡಿದಾಗ ನಾನು ಬಾಗಿಲ ಮರೆಯಲ್ಲಿ ಬರೆದುಕೊಳ್ಳುತ್ತಿದ್ದೆ. ಅವರು ನನ್ನನ್ನು ಕಂಡು ನಕ್ಕುಬಿಟ್ಟರು. ಅಳತೆ ಎರಡು ಸಲ ತಪ್ಪಿ ಬರೆದೆ.

"ತುಮಕೂರಲ್ಲಿ ನನಗಿಂತ ಮುಂಚೆ ಜೊತೇಲಿ ಬಂದಿದ್ದ ನಮ್ಮ ದಪ್ಪ ಸಂಜೀವಯ್ಯನ್ನ ಕರೆದ್ಬುಟ್ರು," ಎಂದರು ಪರ್ವತಯ್ಯ. "ಅವನಿಗೆ ಅಂತ ನೂಲು ಎಳುದ್ರೆ ಒಳಗೆ ಬಟ್ಟೇನೇ ಇಲ್ಲ! ಬೆನ್ನು ಸೀಳಿ ತೊಡಿಸ್ದೆ. ಬೆನ್ನು ತೋರಿಸ್ಬ್ಯಾಡ ಕಣ್ಲಾ, ಕೈಮುಗ್ದು ಹಿಂದಿಂದಕ್ಕೇ ಬಾ ಅಂದೆ. ಎಂಥ ವಿನಯ ಅಂತ ಕೆಲಸ ಕೊಟ್ರು."

ಜಗಲಿಯಲ್ಲಿದ್ದ ಹುಡುಗರೆಲ್ಲ ನಕ್ಕರು. ನನಗೆ ನಗು ಬರಲಿಲ್ಲ.

"ನೀವು?" ಎಂದು ನಾನು ಕೇಳಿದೆ.

"ಅಷ್ಟೊತ್ಗೆ ಕೋಟು ಪೂರ್ತಿ ಹರಿದಿತ್ತು. ಬರೀ ಅಂಗೀಲಿ ಹೋದೆ. ಬಾಗಿಲಲ್ಲೇ ತಡುದ್ರು."

ಬುಕ್ಕಾಪಟ್ಟಣದಲ್ಲಿ ಅವರಿವರ ಮನೆಯ ರಾಗಿ ಬೀಸಿ ಪರ್ವತಯ್ಯನವರನ್ನು ಓದಿಸಿದ ಅವರ ತಾಯಿ ಕಣ್ಣ ಮುಂದೆ ಬಂದರು.

"ಒಳಗಿನ ಬಟ್ಟೆ ಎಲ್ಲಿ ಹೋಯ್ತಮ್ಮ, ಜಗದಾಂಬ?" ಅಪ್ಪ ಕೇಳಿದರು.

"ಕತ್ತರಿಸಿಬಿಟ್ಟೆ."

"ಕತ್ತರಿಸ್ದ್ಯಾ! ಯಾಕೆ?"

ಸುಳ್ಳು ಹೇಳಬಹುದಿತ್ತು, ಬಾಯಿಗೆ ಬರಲಿಲ್ಲ. "ಮಡಿಕೆ ಉಬ್ಬಿ ಎರವಲು ಅಂತ ಕಾಣ್ತಿತ್ತಪ್ಪ. ಇವರದೇ ಅನ್ನೋ ಹಂಗೆ ಕಾಣ್ಲಿ ಅಂತ... ಸಂಜೀವಯ್ಯ ಇದಾರೆ ಅನ್ನೋದೇ ಮರೆತ್ಹೋಯ್ತು. ಮೊನ್ನೆಯಿಂದ ನನಗೆ ಇವರು ಬಿಟ್ಟು ಬೇರೆ ಯಾರೂ ನೆನಪಾಗ್ತಿಲ್ಲ."

ಅಪ್ಪನ ಕನ್ನಡಕ ಮೂಗಿನ ತುದಿಗೆ ಜಾರಿತು. ಹುಡುಗರು ಬಾಯಿ ಬಿಟ್ಟುಕೊಂಡು ಕೂತರು. ಪರ್ವತಯ್ಯ ಬಯ್ಯುತ್ತಾರೆ ಎಂದುಕೊಂಡೆ. ಅವರು ಕಣ್ಣ ರೆಪ್ಪೆ ಬಡಿಯದೆ ನನ್ನನ್ನೇ ನೋಡಿದರು, ಕಿವಿಯವರೆಗೂ ಕೆಂಪಾದರು.

"ಕೆಲಸ ಸಿಕ್ಕಿದ್ ಮ್ಯಾಲೆ ಕೇಳಾನ ಅಂತಿದ್ದೆ ಸ್ವಾಮಿ," ಎಂದು ಅಪ್ಪನ ಕಡೆ ತಿರುಗಿದರು. "ಈಗ ಕೆಲಸ ಇಲ್ದೋನೇ ಕೇಳ್ತಾ ಇದೀನಿ. ಮತ್ತೆ ಕರೆಯೋದು ಬರೋ ವರ್ಸ. ಅಲ್ಲೀಗಂಟ ನಿಮ್ಮ ಹುಡುಗ್ರಿಗೆ ಇಂಗ್ಲಿಷು ಹೇಳ್ಕೊಡ್ತೀನಿ. ನಿಮ್ಮ ಮಗಳನ್ನ ನಂಗೆ ಕೊಡ್ತೀರಾ?"

ಅಪ್ಪ ಗಂಟಲು ಸರಿಮಾಡಿಕೊಂಡರು. ಅವರು ಬಾಯಿ ತೆರೆಯುವ ಮೊದಲೇ ಯಾರೋ "ಹ್ಞೂಂ" ಅಂದರು. ಎಲ್ಲರೂ ನನ್ನ ಕಡೆ ತಿರುಗಿದರು. ಅಂದದ್ದು ನಾನೇ ಎಂದು ನನಗೂ ಆಗಲೇ ಗೊತ್ತಾದದ್ದು.