ವಾಪಸ್ ಹೋದ ಪಿಸ್ಟನ್ ರಿಂಗ್

ಭಾನುವಾರ ಬೆಳಿಗ್ಗೆ ಚಳ್ಳಕೆರೆಯಲ್ಲಿ ಮೊಳಕಾಲ್ಮುರಿನ ಬಸ್ಸು ಹತ್ತಿ ಕೂತ ಅಮರೇಶ್, ತಾನು ಈವರೆಗೆ ಹೇಳಿದ ಸುಳ್ಳುಗಳನ್ನೆಲ್ಲ ಒಂದು ಸಲ ನೆನಪು ಮಾಡಿಕೊಂಡ. ಬಹಳವೇನೂ ಇರಲಿಲ್ಲ. ಆದರೆ ಇದ್ದವುಗಳಲ್ಲಿ ತೀರಾ ಕೆಟ್ಟದ್ದನ್ನು ಅವನು ಕಾಂಚನಾಗೆ ಹೇಳಿದ್ದ.

ಪ್ರೀತಿಗೆ ಬಿದ್ದವರು ಎಂತೆಂಥದೋ ಸುಳ್ಳು ಹೇಳುತ್ತಾರೆ. ಸಂಬಳ ಏರಿಸುತ್ತಾರೆ, ವಯಸ್ಸು ಇಳಿಸುತ್ತಾರೆ. ಈ ಪುಣ್ಯಾತ್ಮ ಹೇಳಿದ್ದು ಇಷ್ಟೇ: "ರಿಂಗ್ ಗ್ಯಾಪ್ ಜಾಸ್ತಿ ಐತೆ. ಈ ಸೆಟ್ ವಾಪಸ್ ಕಳಿಸಿ."

ಎಣ್ಣೆ ಮಿಲ್ಲಿನಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದ ಅಮರೇಶನಿಗೆ ಹಳೇ ಕಾರುಗಳ ಹುಚ್ಚು. ಅಂಥ ಹುಚ್ಚು ಹಿಡಿದ ನಲವತ್ತು ಜನರ ವಾಟ್ಸಾಪ್ ಗ್ರೂಪಿನಲ್ಲಿ ವರ್ಷದ ಹಿಂದೆ ಒಂದು ಫೋಟೋ ಬಂದಿತ್ತು. ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆಯ ಕಾರ್ಖಾನೆ, ಮಗ್ಗದ ಪಕ್ಕದಲ್ಲಿ ಹತ್ತು ವರ್ಷದಿಂದ ಜಾಮ್ ಆಗಿ ಕೂತ ಪದ್ಮಿನಿ ಕಾರು. "ಮನೇಲೇ ಎಂಜಿನ್ ಬಿಚ್ಚಿ ಕಟ್ಟಬೇಕು ಅಂತಿದೀನಿ. ಎಲ್ಲಿಂದ ಶುರು ಮಾಡ್ಲಿ?" ಎಂದು ಕೇಳಿದ್ದಳು ಕಾಂಚನಾ. ಗುಜರಿಗೆ ಹಾಕಮ್ಮ ಅಂದವರೇ ಎಲ್ಲ. ಅಮರೇಶ್ ಒಬ್ಬ ಮಾತ್ರ, "ಮೊದಲು ಸಿಲಿಂಡರಿಗೆ ಆಯಿಲ್ ಬಿಟ್ಟು ಎಂಟು ದಿನ ಕಾಯಿರಿ," ಎಂದು ಬರೆದಿದ್ದ. ಕಾದು ನೋಡಿದಾಗ ಎಂಜಿನ್ ತಿರುಗಿತು. ಅಲ್ಲಿಂದ ದಿನಾ ಸಂಜೆ ಅವಳದೊಂದು ವಾಯ್ಸ್ ಮೆಸೇಜು, ಇವನದು ಮೂರು.

ಪಿಸ್ಟನ್ನಿಗೆ ತೊಡಿಸುವ ಹೊಸ ರಿಂಗ್ ಬಂದು, ಅದರ ಎರಡು ತುದಿಗಳ ನಡುವಿನ ಗ್ಯಾಪಿಗೆ ಗೇಜ್ ಇಟ್ಟು ಅವಳು ಫೋಟೋ ಕಳಿಸಿದಾಗ ಅವನಿಗೆ ಭಯವಾಯಿತು. ಇನ್ನು ಹದಿನೈದು ದಿನದಲ್ಲಿ ಎಂಜಿನ್ ಮುಗಿಯುತ್ತದೆ. ಮುಗಿದ ಮೇಲೆ ಅವಳು ಯಾಕೆ ಫೋನ್ ಮಾಡುತ್ತಾಳೆ? ಆ ಗಳಿಗೆಯಲ್ಲಿ ಬಾಯಿಂದ ಬಂದ ಸುಳ್ಳು ಅದು. ಎರಡನೇ ಸೆಟ್ ಬರಲು ಎರಡು ತಿಂಗಳು ಹಿಡಿಯಿತು. ಆ ಎರಡು ತಿಂಗಳು ಅವನು ಸುಖವಾಗಿದ್ದ ಎನ್ನಬೇಕು, ನಾಚಿಕೆಯ ಮಾತಾದರೂ.

ಅಷ್ಟರಲ್ಲಿ ಅವಳ ಅಪ್ಪ ಚಿತ್ತಪ್ಪ, ಗಾಡಿ ನಿಂತ ಜಾಗದಲ್ಲಿ ಹಾಕಲೆಂದು ಹೊಸ ಮಗ್ಗಕ್ಕೆ ಹೇಳಿಯಾಗಿತ್ತು. ಸೋಮವಾರ ಮಗ್ಗ ಬರುತ್ತದೆ. ಅಷ್ಟರೊಳಗೆ ಎಂಜಿನ್ ಸದ್ದು ಕೇಳಿಸಿದರೆ ಗಾಡಿ ಇರಲಿ, ಇಲ್ಲದಿದ್ದರೆ ಗುಜರಿಗೆ ಹೋಗಲಿ ಎಂದುಬಿಟ್ಟಿದ್ದರು.

ಶನಿವಾರ ಗ್ರೂಪಿನ ಹಿರಿಯ, ಚಳ್ಳಕೆರೆಯ ಮೆಕ್ಯಾನಿಕ್ ಚಾಂದ್ ಪಾಷ ಫೋನ್ ಮಾಡಿದ್ದರು. ರಿಂಗ್ ತರಿಸಿಕೊಟ್ಟವರೂ ಅವರೇ.

"ಅರೆ ಬೇಟಾ, ಆ ಹುಡುಗಿ ವಾಪಸ್ ಕಳಿಸಿದ ಸೆಟ್ ಇವತ್ತು ಅಳತೆ ಹಾಕ್ದೆ. ಬರೋಬ್ಬರ್ ಐತಲ್ಲೋ! ಯಾಕೆ ಝೂಟ್ ಹೇಳ್ದೆ?"

"ಎಂಜಿನ್ ಬೇಗ ಮುಗಿದ್ಬಿಡ್ತಿತ್ತು ಚಾಚಾ," ಅಂದ ಅಮರೇಶ್. ಪಾಷ ನಿಟ್ಟುಸಿರುಬಿಟ್ಟರು. "ಸಮಝ್ ಗಯಾ, ತಿಳೀತು ಬಿಡು. ನೋಡು, ಎಂಜಿನ್ ವಿಷಯದಾಗೆ ಒಂದ್ ಸುಳ್ಳು ಹೇಳಿದೋನ್ನ ಮುಂದೆ ಯಾರೂ ನಂಬಲ್ಲ. ನಾಳೆ ಕೀ ತಿರುಗಿಸೋಕೆ ಮುಂಚೆ ನೀನೇ ಹೇಳ್ಬಿಡು."

ಅದಕ್ಕೇ ಈಗ ಕೊಂಡ್ಲಹಳ್ಳಿ ಹತ್ತಿರ ಬಸ್ಸು ನಿಂತಾಗ, ಇಳಿದು ವಾಪಸ್ ಹೋಗಿಬಿಡಲೇ ಎಂದು ಅವನಿಗೆ ಅನಿಸಿತು. ಮಡಿಲಲ್ಲಿದ್ದ ಆಯಿಲ್ ಕ್ಯಾನನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತ.

*

"ರಾ ನಾಯನಾ, ಕೂಚೋ," ಬಾರಪ್ಪ ಕೂತ್ಕೋ, ಎಂದು ಕಾಂಚನಾಳ ಅವ್ವ ಯರ್ರಮ್ಮ ತೆಲುಗಿನಲ್ಲೇ ಕರೆದು ಕೂರಲು ಚೌಕಿ ಹಾಕಿದರು. ಒಳಗೆ ಚಿತ್ತಪ್ಪನ ಮಗ್ಗ ಲಟಪಟ ಅನ್ನುತ್ತಿತ್ತು. ಅದರ ಆಚೆ ಬದಿಗೆ ಬಾನೆಟ್ ತೆರೆದ ಪದ್ಮಿನಿ. ಕಾರಿನ ಮುಂದೆ ಕಬ್ಬಿಣದ ಸ್ಟ್ಯಾಂಡಿನ ಮೇಲೆ, ರೇಡಿಯೇಟರ್ ಬ್ಯಾಟರಿಗಳ ಸಮೇತ, ತೊಳೆದು ಬಣ್ಣ ಬಳಿದ ಎಂಜಿನ್.

ಎಂಜಿನ್ ಹಿಂದಿನಿಂದ ಕಾಂಚನಾ ಎದ್ದು ನಿಂತಳು. ತಲೆಗೆ ಟವೆಲ್ ಸುತ್ತಿದ್ದಳು. ಎಡಗೆನ್ನೆಯ ಮೇಲೆ ಗ್ರೀಸ್ ಇತ್ತು. ಮುಖಾಮುಖಿ ನೋಡಿದ್ದು ಇದು ನಾಲ್ಕನೇ ಸಲ. ನಾಲ್ಕು ಸಲವೂ ಆ ಕೆನ್ನೆಯ ಮೇಲೆ ಗ್ರೀಸ್ ಇತ್ತು, ನಾಲ್ಕು ಸಲವೂ ಅಮರೇಶ್ ಬಂದ ಕೆಲಸ ಮರೆತಿದ್ದ.

"ಬಸ್ಸು ಲೇಟಾ? ಇಲ್ಲಾ ನೀವೇ ಲೇಟಾ?"

"ಬಸ್ಸು."

"ಮುಖ ನೋಡಿದ್ರೆ ನೀವೇ ಬಸ್ಸು ದಬ್ಬಿಕೊಂಡು ಬಂದಂಗೈತೆ." ನಕ್ಕಳು. ಒಂದು ಕಣ್ಣು ಕಿರಿದು ಮಾಡಿ ನಗುವುದು ಅವಳ ಅಭ್ಯಾಸ. ಆಮೇಲೆ ವೈರಿನ ತುದಿಗೆ ಜೋಡಿಸಿದ ಕೀಯನ್ನು ಎತ್ತಿ ಅವನ ಮುಂದೆ ಹಿಡಿದಳು. "ತಗೊಳ್ಳಿ. ನೀವೇ ತಿರುಗಿಸ್ರಿ. ಗುರುಗಳಲ್ವಾ?"

ಅವನ ಕೈ ಮುಂದೆ ಹೋಗಲಿಲ್ಲ.

"ಕಾಂಚನಾ, ಆ ಮೊದಲನೇ ರಿಂಗ್ ಸೆಟ್ ಸರಿಯಾಗೇ ಇತ್ತು."

ಅವಳ ನಗು ನಿಂತಿತು.

"ಗ್ಯಾಪ್ ಕರೆಕ್ಟಾಗಿತ್ತು. ಫೋಟೋ ನೋಡಿದ ತಕ್ಷಣ ನಂಗೆ ಗೊತ್ತಾಗಿತ್ತು. ಬೇಕಂತಲೇ ಸುಳ್ಳು ಹೇಳ್ದೆ."

"ಯಾಕೆ?"

"ಎಂಜಿನ್ ಮುಗಿದ್ರೆ ನೀವು ಫೋನ್ ಮಾಡಲ್ಲ ಅಂತ."

ಮಗ್ಗದ ಸದ್ದು ನಿಂತಿತು. ಚಿತ್ತಪ್ಪನಿಗೆ ಎಲ್ಲ ಕೇಳಿಸಿತ್ತು. ಬೈದರೂ ಸರಿ, ಅವಳು ಏನಾದರೂ ಅಂದರೆ ಸಾಕು ಎಂದು ಅಮರೇಶನ ಜೀವ ಹೊಡೆದುಕೊಳ್ಳುತ್ತಿತ್ತು. ಕಾಂಚನಾ ಕೀಯನ್ನು ಬ್ಯಾಟರಿಯ ಮೇಲೆ ಇಟ್ಟಳು.

"ನಟ್‌ಗಳನ್ನ ಎಷ್ಟು ಬಿಗಿ ಮಾಡಬೇಕು ಅಂತ ನಂಬರ್ ಕೊಟ್ರಲ್ಲ. ಅವು?"

"ಅವೆಲ್ಲ ನಿಜ. ದೇವರಾಣೆ."

"ಆಣೆ ಬೇಡ. ಸಂಪ್ ಬಿಚ್ಚಿ. ಒಂದೊಂದೇ ಚೆಕ್ ಮಾಡಣ."

ಸಂಪ್ ಅಂದರೆ ಎಂಜಿನ್ ತಳದ ಆಯಿಲ್ ತಟ್ಟೆ. ಅದನ್ನು ಬಿಚ್ಚಿ ಮತ್ತೆ ಹಾಕುವುದೆಂದರೆ ಅರ್ಧ ದಿನದ ಕೆಲಸ. ಸಂಜೆಯೊಳಗೆ ಮುಗಿಯದಿದ್ದರೆ ನಾಳೆ ಮಗ್ಗ ಬರುತ್ತದೆ. ಅದನ್ನೆಲ್ಲ ಹೇಳುವ ಧೈರ್ಯ ಅವನಿಗಿರಲಿಲ್ಲ. ಅಂಗಿ ತೋಳು ಮಡಚಿ ಕೆಳಗೆ ಕೂತ. ಹಿಂದೆ ಮಗ್ಗ ಮತ್ತೆ ಶುರುವಾಯಿತು, ಈ ಸಲ ನಿಧಾನವಾಗಿ.

*

ಆಯಿಲ್ ಇಳಿಸಿ ಸಂಪ್ ಬಿಚ್ಚುವಷ್ಟರಲ್ಲಿ ಮಧ್ಯಾಹ್ನ. ಯರ್ರಮ್ಮ ಮುದ್ದೆ ಉಣ್ಣಲು ಕರೆದರೂ ಇಬ್ಬರೂ ಏಳಲಿಲ್ಲ. ಚಾಪೆ ಹಾಸಿ ಎಂಜಿನ್ ಕೆಳಗೆ ಅಕ್ಕಪಕ್ಕ ಮಲಗಿದರು. ಭುಜಕ್ಕೂ ಭುಜಕ್ಕೂ ನಡುವೆ ಒಂದು ಗೇಣು ಜಾಗ. ಅವಳ ಕೈಯ ಬಳೆಗಳಿಗೆ ಸೀಮೆಎಣ್ಣೆಯ ವಾಸನೆಯಿತ್ತು. ಬೇರೆ ದಿನವಾಗಿದ್ದರೆ ಆ ಒಂದು ಗೇಣಿನ ಬಗ್ಗೆಯೇ ಅವನು ತಿಂಗಳುಗಟ್ಟಲೆ ಕನಸು ಕಾಣುತ್ತಿದ್ದ.

ಅವನೇ ಹಿಂದೆ ಕೊಟ್ಟಿದ್ದ ಟಾರ್ಕ್ ರೆಂಚ್ ಅವಳ ಕೈಯಲ್ಲಿತ್ತು. ನಟ್ಟು ಬೇಕಾದಷ್ಟು ಬಿಗಿಯಾಗಿದ್ದರೆ ಅದು ಟಿಕ್ ಎನ್ನುತ್ತದೆ. ಬಿಗಿ ಮಾಡಿದ ಪ್ರತಿ ನಟ್ಟಿನ ಮೇಲೂ ಕೆಂಪು ನೇಲ್ ಪಾಲಿಷಿನ ಗೆರೆಯಿತ್ತು. ಅದೂ ಗ್ರೂಪಿನವರೇ ಹೇಳಿಕೊಟ್ಟ ಉಪಾಯ.

ಮೊದಲ ಸಿಲಿಂಡರಿನಲ್ಲಿ ಪಿಸ್ಟನ್ ಹಿಡಿದ ರಾಡಿನ ಎರಡು ನಟ್ಟು, ಟಿಕ್, ಟಿಕ್. ಎರಡನೆಯದೂ ಹಾಗೇ. ಅಮರೇಶನಿಗೆ ಸ್ವಲ್ಪ ಉಸಿರು ಬಂತು.

ಮೂರನೆಯದರ ಮೊದಲ ನಟ್ಟು ಟಿಕ್ ಅಂದಿತು. ಎರಡನೆಯದು ಅನ್ನಲಿಲ್ಲ. ರೆಂಚ್ ಸುಮ್ಮನೆ ತಿರುಗಿತು, ಅರ್ಧ ಸುತ್ತು. ನಟ್ಟಿನ ಮೇಲಿನ ಕೆಂಪು ಗೆರೆ ಮಾತ್ರ ನೆಟ್ಟಗೆ ಎಳೆದಿತ್ತು.

ಕಾಂಚನಾಳ ಮುಖದ ಬಣ್ಣ ಹೋಯಿತು. "ಇದು ಬಿಗಿ ಮಾಡೇ ಇಲ್ಲ. ಬರೀ ಗುರುತು ಹಾಕೀನಿ."

"ಹೋಗ್ಲಿ ಬಿಡಿ, ಈಗ ಗೊತ್ತಾಯ್ತಲ್ಲ."

"ಆವತ್ತು ನೀವು ವಿಡಿಯೋ ಕಾಲ್‌ನಲ್ಲಿ ಇದ್ರಿ." ಅವಳು ಅವನ ಕಡೆ ತಿರುಗಲಿಲ್ಲ, ನಟ್ಟನ್ನೇ ನೋಡುತ್ತಿದ್ದಳು. "ಕೆನ್ನೆ ಮೇಲೆ ಗ್ರೀಸ್ ಐತೆ, ಒರೆಸ್ಬೇಡಿ, ಹಂಗೇ ಚೆನ್ನಾಗೈತೆ ಅಂದ್ರಲ್ಲ, ಆವತ್ತು. ನಗ್ತಾ ನಗ್ತಾ ಮೊದ್ಲು ಗುರುತು ಹಾಕ್ಬಿಟ್ಟೆ."

ಆಮೇಲೆ ರೆಂಚಿನಿಂದ ಆ ನಟ್ಟನ್ನು ಮುಟ್ಟಿ ಕೇಳಿದಳು.

"ಹಿಂಗೇ ಸ್ಟಾರ್ಟ್ ಮಾಡಿದ್ರೆ ಏನಾಗ್ತಿತ್ತು?"

"ಸ್ವಲ್ಪ ಹೊತ್ತು ಓಡ್ತಿತ್ತು. ಆಮೇಲೆ ರಾಡ್ ಕಿತ್ಕೊಂಡು ಎಂಜಿನ್ ಬ್ಲಾಕ್ ಒಡೆದು ಆಚೆ ಬರ್ತಿತ್ತು."

ಅವಳು ರೆಂಚನ್ನು ಅವನಿಗೆ ಕೊಟ್ಟಳು. ಬೆರಳಿಗೆ ಬೆರಳು ತಾಗಿತು, ಅವಳು ಅವಸರದಿಂದ ಹಿಂದಕ್ಕೆ ತೆಗೆಯಲಿಲ್ಲ. "ನೀವೇ ಬಿಗಿ ಮಾಡ್ರಿ. ನಾನು ನೋಡ್ತೀನಿ." ಟಿಕ್ ಎನ್ನುವವರೆಗೆ ಅವನು ಬಿಡಲಿಲ್ಲ.

*

ನಾಲ್ಕನೇ ಸಿಲಿಂಡರಿನ ನಟ್ಟುಗಳನ್ನೂ ನೋಡಿ, ಸಂಪ್ ಕೂರಿಸಿ, ಹೊಸ ಆಯಿಲ್ ತುಂಬಿ ಕೈ ಒರೆಸಿಕೊಂಡಾಗ ನಾಲ್ಕೂವರೆ. ಚಿತ್ತಪ್ಪ ಮಗ್ಗ ಬಿಟ್ಟು ಎದ್ದು ಬಂದು, ಕೈ ಹಿಂದೆ ಕಟ್ಟಿ ನಿಂತರು. ಕಾಂಚನಾ ಈ ಸಲ ಕೀಯನ್ನು ಯಾರಿಗೂ ಕೊಡಲಿಲ್ಲ.

ಕೀ ತಿರುಗಿಸಿದಳು. ಸ್ಟಾರ್ಟರ್ ಗೊರಗೊರ ಅಂದಿತು, ಎಂಜಿನ್ ಕೆಮ್ಮಿತು, ಸುಮ್ಮನಾಯಿತು. ಇನ್ನೊಂದು ಸಲ. ಭುಗ್ ಎಂದು ಹೊತ್ತಿಕೊಂಡಿತು. ಆದರೆ ಆಯಿಲ್ ಪ್ರೆಷರಿನ ಕೆಂಪು ದೀಪ ಆರಲಿಲ್ಲ. ಆಯಿಲ್ ಮೇಲಕ್ಕೆ ಏರದಿದ್ದರೆ ಎಲ್ಲ ಸುಟ್ಟುಹೋಗುತ್ತದೆ. ಒಂದು, ಎರಡು, ಮೂರು ಎಂದು ಅಮರೇಶ್ ಮನಸ್ಸಿನಲ್ಲೇ ಎಣಿಸಿದ. ಆಫ್ ಮಾಡಲು ಅವನ ಕೈ ಕೀ ಕಡೆ ಹೋಯಿತು. ಅವಳು ಆ ಕೈ ಹಿಡಿದು ತಡೆದಳು. "ತಡೀರಿ."

ಐದಕ್ಕೆ ದೀಪ ಆರಿತು. ಎಂಜಿನ್ ಒಂದೇ ಹದದಲ್ಲಿ ಓಡತೊಡಗಿತು. ಯರ್ರಮ್ಮ ಒಳಗಿನಿಂದ ಓಡಿಬಂದು ಕಿವಿ ಮುಚ್ಚಿಕೊಂಡು ನಕ್ಕರು. ಚಿತ್ತಪ್ಪ ಸ್ವಲ್ಪ ಹೊತ್ತು ಕೇಳಿಸಿಕೊಂಡು, "ಹೊಸ ಮಗ್ಗ ಪಡಸಾಲೆಗೆ ಹಾಕಣ ಬಿಡು," ಎಂದರು. ಅಮರೇಶನನ್ನು ಒಂದು ಸಲ ಮೇಲಿಂದ ಕೆಳಗೆ ನೋಡಿ, ಹೆಂಡತಿಯನ್ನು ಕರೆದುಕೊಂಡು ಒಳಗೆ ಹೋದರು.

ಕಾಂಚನಾ ಎಂಜಿನ್ ಆಫ್ ಮಾಡಿದಳು. ಕೆಲಸ ಮುಗಿದಿತ್ತು. ಅವನಿಗೆ ಇನ್ನು ಅಲ್ಲಿ ನಿಲ್ಲಲು ಕಾರಣವಿರಲಿಲ್ಲ. ಬ್ಯಾಗು ಎತ್ತಿಕೊಂಡ.

"ಬರ್ತೀನ್ರಿ."

"ಇದನ್ನ ಓದಿ ಹೋಗ್ರಿ."

ಗ್ರೀಸ್ ಮೆತ್ತಿದ ನೋಟ್‌ಬುಕ್ಕು. ಎಂಜಿನ್ನಿನ ಪ್ರತಿ ದಿನದ ಕೆಲಸ ಅದರಲ್ಲಿ ಬರೆದಿತ್ತು. ಎರಡೂವರೆ ತಿಂಗಳ ಹಿಂದಿನ ಪುಟದಲ್ಲಿ ಗುಂಡಗಿನ ಅಕ್ಷರ: 'ರಿಂಗ್ ಗ್ಯಾಪ್ 0.30. ಸರಿ ಐತೆ. ಅಮರೇಶ್ ಜಾಸ್ತಿ ಅಂದ್ರು. ವಾಪಸ್ ಕಳಿಸಿದೆ.'

ಅವನು ಎರಡು ಸಲ ಓದಿದ. "ನಿಮಗೆ ಗೊತ್ತಿತ್ತಾ?"

"ಎಳೆ ಮುಟ್ಟಿ ನೂಲಿನ ದಪ್ಪ ಹೇಳೋ ಮನೆ ನಮ್ದು. ನಂಗೆ ಒಂದು ಗೇಜ್ ಓದಕ್ಕೆ ಬರಲ್ವಾ?"

"ಮತ್ತೆ ವಾಪಸ್ ಯಾಕೆ ಕಳಿಸಿದ್ರಿ?"

"ನೀವು ಯಾಕೆ ಸುಳ್ಳು ಹೇಳಿದ್ರೋ, ಅದಕ್ಕೇ." ಅವಳ ಕೆನ್ನೆ ಗ್ರೀಸಿನ ಅಡಿಯಲ್ಲಿ ಕೆಂಪಾಗಿತ್ತು. ಆದರೆ ಮಾತು ಮೆತ್ತಗಾಗಲಿಲ್ಲ. "ದಿನಾ ಕಾದೆ, ಇವತ್ತು ಹೇಳ್ತಾರೆ, ನಾಳೆ ಹೇಳ್ತಾರೆ ಅಂತ. ಬೆಳಿಗ್ಗೆ ಕೀ ಕೊಟ್ಟಿದ್ದು ಅದಕ್ಕೇ. ಸುಮ್ಮನೆ ತಿರುಗಿಸಿದ್ರೆ ಅಲ್ಲಿಗೆ ಮುಗೀತು ಅಂತ ತೀರ್ಮಾನ ಮಾಡಿದ್ದೆ. ಗ್ರೂಪೂ ಬಿಡ್ತಿದ್ದೆ, ನಿಮ್ಮನ್ನೂ ಬಿಡ್ತಿದ್ದೆ."

ಅವನು ಬ್ಯಾಗನ್ನು ಕೆಳಗಿಟ್ಟ. ತಾನು ಎಂಥ ಅಂಚಿನಲ್ಲಿ ನಿಂತಿದ್ದೆ ಎಂದು ಈಗ ತಿಳಿಯಿತು.

"ಇನ್ನು ಗೇರ್‌ಬಾಕ್ಸ್ ಐತೆ," ಅಂದಳು ಕಾಂಚನಾ. "ಎಷ್ಟು ದಿನ ಹಿಡಿಯುತ್ತೆ?"

"ನಿಜ ಹೇಳ್ಲಾ?"

"ನಿಜಾನೇ ಹೇಳು."

ಹೇಳಿ ಅನ್ನಲಿಲ್ಲ, ಹೇಳು ಅಂದಳು. ವರ್ಷದಲ್ಲಿ ಇದೇ ಮೊದಲು.

"ಹತ್ತು ದಿನ."

"ಅಷ್ಟೇನಾ?"

"ಅಷ್ಟೇ. ಆಮೇಲೆ ಯಾವ ಕೆಲಸ ಇಲ್ದಿದ್ರೂ ಬರ್ತೀನಿ, ಅವ್ವನ್ನ ಕರ್ಕೊಂಡು. ನಿಮ್ಮ ಅಪ್ಪನ ಹತ್ರ ಮಾತಾಡಕ್ಕೆ."

ಕಾಂಚನಾ ಟವೆಲ್ ಬಿಚ್ಚಿ ಕೈ ಒರೆಸಿಕೊಂಡಳು. ಕೆನ್ನೆ ಒರೆಸಿಕೊಳ್ಳಲಿಲ್ಲ. ಒಂದು ಕಣ್ಣು ಕಿರಿದು ಮಾಡಿ ಅವನನ್ನು ನೋಡಿದಳು.

"ಬರೋ ದಿನ ಮೊದ್ಲೇ ಹೇಳು. ಅವ್ವಂಗೆ ಬಸ್ಸು ಬೇಡ. ಚಳ್ಳಕೆರೆಗೆ ಗಾಡಿ ತಗೊಂಡು ನಾನೇ ಬರ್ತೀನಿ."